ಏರಿನಲ್ಲಿ ಕೇಳುತ್ತಿದ್ದ ಉಂಗುರ

ಅಗ್ನಿಗೆ ನಮಸ್ಕಾರ, ಅಗ್ನಿಯನ್ನು ಊದಿ ನಡೆಸುವ ವಾಯುವಿಗೆ ನಮಸ್ಕಾರ. ಕಾಲವನ್ನು ಗಣಿಸುವುದನ್ನು ನನಗೆ ಕಲಿಸಿದ ಗುರುಗಳಿಗೂ, ಆ ಗಣನೆಯಲ್ಲಿ ನಾನು ತಪ್ಪಿದಾಗ ನಗುತ್ತ ತಿದ್ದಿದ ಬನಹಟ್ಟಿಯ ಮಿಸ್ತ್ರಿಗೂ ಕೃತಜ್ಞತೆಯನ್ನು ಸಲ್ಲಿಸಿಯೇ ಇದನ್ನು ಬರೆಯತಕ್ಕದ್ದು.

ಸಂಸ್ಥಾನಗಳು ಕರಗಿ ನಾವು ಮುಂಬಯಿ ಸರಕಾರದ ಕೆಳಗೆ ಬಂದಿದ್ದ ದಿನಗಳು. ನನ್ನ ಅಣ್ಣ ವೈದಿಕ ವೃತ್ತಿಯನ್ನು ನನಗೆ ಬಿಟ್ಟು, ಹಳೆಯ ಪೆಟ್ರೋಲ್ ಲಾರಿಯೊಂದನ್ನು ತಾನೇ ನಡೆಸಿ ಮುಧೋಳದ ಬೆಲ್ಲವನ್ನೂ ರಬಕವಿಯ ಸೀರೆಗಳನ್ನೂ ಊರೂರಿಗೆ ಮುಟ್ಟಿಸುತ್ತಿದ್ದ. ಜಮಖಂಡಿಯ ಏರು ಬಂದಾಗ ಬಾಗಿಲ ತಗಡಿನ ಮೇಲೆ ಉಂಗುರದ ಬೆರಳಿನಿಂದ ಟಣ್ ಟಣ್ ಎಂದು ಬಡಿಯುವುದು ಅವನ ರೂಢಿ, ಎತ್ತಿನ ಬೆನ್ನು ತಟ್ಟಿ ಹುರುಪು ತುಂಬುವಂತೆ. ಏರು ಮುಗಿದೊಡನೆ ಇಳಿದು ನೀರು ಕುಡಿಯುತ್ತಿದ್ದ. ಒಂದು ಜ್ವರ ಅವನನ್ನು ಮೂರೇ ದಿನಗಳಲ್ಲಿ ಒಯ್ದಿತು.

ಲಾರಿ ಆರು ತಿಂಗಳು ಹಿತ್ತಲಲ್ಲಿ ತಾಡಪತ್ರಿ ಹೊದ್ದು ನಿಂತಿತು. ಅಣ್ಣನ ಹೆಂಡತಿ, ನಮ್ಮ ವೈನಿಯ ಮನೆ ನಡೆಯಲು ಬೇರೆ ದಾರಿಯಿರಲಿಲ್ಲ. ಆಕೆ ಅಣ್ಣನ ಹಳೆಯ ಕ್ಲೀನರನನ್ನೇ ಚಾಲಕನನ್ನಾಗಿ ಕೂರಿಸಿದಳು. ಎಂಟೇ ದಿನಕ್ಕೆ ಅವನು ಕೀಲಿ ತಂದು ನಮ್ಮ ಕಟ್ಟೆಯ ಮೇಲಿಟ್ಟ.

"ಆಚಾರ್ರ, ನನ್ನ ಕಡಿಂದ ಆಗೂದಿಲ್ರಿ. ಏರಿನ್ಯಾಗ ಮಾಲಕ್ರು ಬಡ್ಯಾಕತ್ತಾರಿ. ಇಳಿಸು ಅನ್ನಾಕತ್ತಾರಿ."

ನಾನು ಶಾಂತಿಪಾಠ ಮಾಡಿ, ತೀರ್ಥ ಪ್ರೋಕ್ಷಿಸಿ, ನಡುಮಧ್ಯಾಹ್ನ ಅವನ ಪಕ್ಕದಲ್ಲಿ ಕುಳಿತು ಹೋದೆ. ಬಯಲಿನಲ್ಲಿ ಏನೂ ಇರಲಿಲ್ಲ. ಏರು ಹಿಡಿಯುತ್ತಲೇ ಕೇಳಿತು: ಟಣ್ ಟಣ್, ಟಣ್ ಟಣ್. ಬಾಗಿಲ ಮೇಲೆ ಕೈಯಿರಲಿಲ್ಲ. ನನ್ನ ಬಾಯಲ್ಲಿದ್ದ ಮಂತ್ರ ಅಲ್ಲಿಯೇ ನಿಂತಿತು. ಅದು ನನ್ನ ಅಣ್ಣನ ಬೆರಳಲ್ಲವೆಂದು ಪ್ರಮಾಣ ಮಾಡಿ ಹೇಳುವ ಧೈರ್ಯ ಅಂದು ನನಗಿರಲಿಲ್ಲ.

ಚಾಲಕ ಬಿಟ್ಟುಹೋದರೆ ವೈನಿಯ ಒಲೆ ಆರುತ್ತದೆ. ಕಡೆಯ ಪ್ರಯತ್ನವೆಂದು ಬನಹಟ್ಟಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ವೃದ್ಧ ಮಿಸ್ತ್ರಿಯಲ್ಲಿಗೆ ಹೋದೆವು. ಅವನು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಅದಕ್ಕೆ ಸೇರಿದ ಸಣ್ಣ ನಳಿಕೆಯನ್ನು ಬಾಯಿಗಿಟ್ಟು ಉಸಿರೆಳೆದ. ಒಳಗಿನ ತಟ್ಟೆ ತಾನಾಗಿ ಸರಿಯಿತು. ಉಸಿರು ಬಿಟ್ಟ. ತಟ್ಟೆ ಮರಳಲಿಲ್ಲ. ಪೂರಕ ಮಾಡಿದ ಯೋಗಿ ಕುಂಭಕದಲ್ಲಿಯೇ ಉಳಿದಂತೆ ಆ ಯಂತ್ರ ಉಸಿರು ಹಿಡಿದು ಕುಳಿತಿತ್ತು.

"ದೆವ್ವ ಇಲ್ರಿ ಆಚಾರ್ರ, ಜಿಡ್ಡ ಐತ್ರಿ," ಎಂದ ಮಿಸ್ತ್ರಿ. "ಬಯಲಾಗ ಇಂಜಿನ್ ಉಸಿರು ಎಳದು ಕಿಡೀನ ಲಗೂನ ಕರೀತದ. ಏರಿನ್ಯಾಗ ಆ ಎಳತ ಸಡ್ಲಾಗಿ ತಟ್ಟಿ ತಿರುಗಿ ಬರಬೇಕು. ಬರವಲ್ದು. ಹೊತ್ತಿಗಿಂತ ಮೊದಲ ಬೆಂಕಿ ಬಿದ್ರ ಬಡೀತದರಿ."

ತಟ್ಟೆಯನ್ನು ತೊಳೆದು, ಗುರುತಿಗೆ ಗುರುತು ಕೂಡಿಸಿ, ಪುಟ್ಟ ಬಲ್ಬು ಹೊತ್ತುವ ಕ್ಷಣವನ್ನು ನೋಡಿ ಕಿಡಿಯ ವೇಳೆಯನ್ನು ಕಟ್ಟಿದ. ಡಿಸ್ಟ್ರಿಬ್ಯೂಟರನ್ನು ಯಾವ ಕಡೆ ತಿರುವಿದರೆ ಕಿಡಿ ಬೇಗ, ಯಾವ ಕಡೆಗೆ ತಡ ಎಂದು ನನಗೂ ತೋರಿಸಿದ. "ನಿಮ್ಮ ಮುಹೂರ್ತ ಇದ್ದಂಗರಿ. ನಿಮಗ ತಿಳೀತದ."

ನೂಲಿನ ಗಂಟುಗಳನ್ನು ಹೇರಿಕೊಂಡು ಮಿಸ್ತ್ರಿಯೇ ಲಾರಿ ನಡೆಸಿದ. ಏರಿನಲ್ಲಿ ಇನ್ನೂ ಸಣ್ಣಗೆ ಟಣ್ ಎಂದಿತು. ಅವನು ಇಂಜಿನ್ ನಿಲ್ಲಿಸಿದ. ಬ್ರೇಕಿನ ಮೇಲಿಂದ ಅವನು ಕಾಲು ತೆಗೆಯುವಂತಿರಲಿಲ್ಲ. ಚಾಲಕ ಗಾಲಿಗೆ ಕಲ್ಲಿಟ್ಟನೇ ಹೊರತು ಬಾನೆಟ್ಟಿನ ಹತ್ತಿರ ಬರಲೊಲ್ಲ.

"ಆಚಾರ್ರ, ನೀವ ಒಂದ ಎಳ್ಳಿನಷ್ಟು ಹಿಂದ ಮಾಡ್ರಿ," ಎಂದು ಮಿಸ್ತ್ರಿ ಕೂಗಿದ.

ಮಾಡಿದೆ. ಮತ್ತೆ ಹೊರಟೆವು. ಆಗ ಶುರುವಾದದ್ದು ಉಂಗುರದ ಸದ್ದಲ್ಲ, ಮುಷ್ಟಿಯ ಸದ್ದು. ಒಳಗೆ ಯಾರೋ ಸಿಟ್ಟಿಗೆದ್ದು ಕದ ಗುದ್ದುತ್ತಿರುವಂತೆ. ಚಾಲಕ ಕಣ್ಣು ಮುಚ್ಚಿ ನನ್ನ ತೋಳನ್ನು ಹಿಡಿದುಕೊಂಡ. ಮಿಸ್ತ್ರಿ ಲಾರಿ ನಿಲ್ಲಿಸಿ ನನ್ನತ್ತ ನೋಡಿದ.

"ಯಾವ ಕಡಿ ತಿರುವಿದ್ರಿ?"

"ನೀವ ಹಿಂದ ಅಂದ್ರಲ್ಲ. ಕಿಡೀ ಹೊತ್ತು ಇನ್ನಷ್ಟು ಮೊದಲ ಮಾಡಿದೆ. ಮುಹೂರ್ತ ಮುಂದಕ್ಕ ಹಾಕಿದ್ರ ತಡ ಆಗ್ತದ. ಹಿಂದಕ್ಕ ತಗೊಂಡ್ರ ಬೇಗ."

ಮಿಸ್ತ್ರಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. "ಅಯ್ಯ, ನಮ್ಮ ಮಂದ್ಯಾಗ ಹಿಂದ ಅಂದ್ರ ತಡಾ ಮಾಡೂದ್ರಿ. ನಿಮ್ಮ ಪಂಚಾಂಗ ಲಗ್ನಕ್ಕ ಛಲೋ, ಲಾರಿಗೆ ಅಲ್ಲ."

ಚಾಲಕನ ತುಟಿಯಲ್ಲಿಯೂ ನಗು ಸುಳಿಯಿತು. ತಿರುವಿದಷ್ಟನ್ನೇ ಮರಳಿ ತಿರುವಿ, ಎಳ್ಳಿನಷ್ಟು ಆಚೆ ಇಟ್ಟೆ. ಲಾರಿ ಏರು ಹತ್ತಿತು. ಬಡಿತವಿಲ್ಲ. ಆ ನಿಶ್ಶಬ್ದ ನನಗೆ ಬಡಿತಕ್ಕಿಂತ ಹೆಚ್ಚು ಭಯವನ್ನು ತಂದಿತು; ಅಣ್ಣ ಹೋದನೆಂದು ಆ ಗಳಿಗೆಯಲ್ಲಿಯೇ ನನಗೆ ನಿಜವಾಗಿ ತಿಳಿದದ್ದು.

ಮೇಲೆ, ಅವನು ನೀರು ಕುಡಿಯುತ್ತಿದ್ದ ಜಾಗದಲ್ಲಿ ಇಂಜಿನ್ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಬಳಿಯಿಂದ ಒಂದೇ ಒಂದು ಸಲ ಟಣ್ ಎಂದಿತು. ಕಾದ ತಗಡು ಆರುವಾಗ ಹಾಗೆ ನುಡಿಯುತ್ತದೆಂದು ಮಿಸ್ತ್ರಿ ಹೇಳಬಹುದಿತ್ತು. ಅವನು ತಲೆಯ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ.

ಚಾಲಕ ಕೆಳಗಿಳಿದು, ಸುತ್ತಿ ಮಿಸ್ತ್ರಿ ಕುಳಿತಿದ್ದ ಬದಿಗೆ ಹೋಗಿ, ಅಣ್ಣ ಇಳಿಯುತ್ತಿದ್ದ ಬಾಗಿಲನ್ನು ಪೂರ್ತಿ ತೆರೆದು ಹಿಡಿದ. "ಸಾವಕಾಶ ಇಳೀರಿ ಮಾಲಕ್ರ," ಎಂದ. ಒಬ್ಬ ಮನುಷ್ಯ ಇಳಿಯಲು ಬೇಕಾಗುವಷ್ಟು ಹೊತ್ತು ಕಾದು, ತಂಬಿಗೆಯ ನೀರನ್ನು ನೆಲಕ್ಕೆ ಹನಿಸಿ, ಬಾಗಿಲು ಮುಚ್ಚಿದ. ಬಳಿಕ ಮಿಸ್ತ್ರಿಯ ಮುಂದೆ ಕೈಯೊಡ್ಡಿ ಕೀಲಿಯನ್ನು ಕೇಳಿದ. ಅಲ್ಲಿಂದ ಮುಂದೆ ಆ ಲಾರಿಯನ್ನು ಬಹುಕಾಲ ಅವನೇ ನಡೆಸಿದ. ವೈನಿಯ ಒಲೆ ಆರಲಿಲ್ಲ.

ಉಸಿರೆಳೆದು ನೋಡಿ ತಟ್ಟೆಯನ್ನು ಬಿಡಿಸಿದ ಆ ಮಿಸ್ತ್ರಿಗೆ ಸದ್ಗತಿಯಾಗಲಿ. ಬಾಗಿಲು ತೆರೆದು ಹಿಡಿದವನ ಕೈಗಳಿಗೆ ದಣಿವು ಬಾರದಿರಲಿ. ವೈನಿಯ ಹೊಸ್ತಿಲು ತಂಪಾಗಿರಲಿ. ಇಳಿದವನಿಗೆ, ಇಳಿದದ್ದು ಹೌದಾದರೆ, ದಾರಿ ಏರಿಲ್ಲದ್ದಾಗಲಿ.