ವಿದ್ಯಾರ್ಥಿ ದರದ ಸಾಫ್ಟ್‌ವೇರಿನಲ್ಲಿ ಡ್ಯಾಮೇಜ್ ಹುಡುಕಿದ್ದು

ಕೊಯಮತ್ತೂರಿನ ಕಾಲೇಜೊಂದರಲ್ಲಿ ಬಟ್ಟೆಯ ವಿನ್ಯಾಸ ಓದುತ್ತಿದ್ದಾಗ ನಾನು ಸೀರೆಯ ಅಂಚು, ಸೆರಗು ಬರೆಯುವ ಒಂದು ಸಾಫ್ಟ್‌ವೇರ್ ಕೊಂಡೆ. ಗಿರಣಿಯವರು ಕೊಂಡರೆ ಅದಕ್ಕೆ ಸ್ಕೂಟರಿನಷ್ಟು ಬೆಲೆ. ಕಾಲೇಜಿನ ಗುರುತಿನ ಚೀಟಿ ಇದ್ದರೆ ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆಗೆ ವರ್ಷವಿಡೀ ಬಳಸಬಹುದು. ಇದನ್ನು ಮನೆಯಲ್ಲಿ ಹೇಳಿದ ಸಂಜೆ ಅಪ್ಪ ನೇಯುವುದನ್ನು ನಿಲ್ಲಿಸಿ ಮಗ್ಗದ ಗುಂಡಿಯಿಂದ ಮೇಲೆ ಬಂದರು.

"ಎರಡೂ ಅದೇ ಸರಕಾ?"

"ಅದೇ ಅಪ್ಪಾ."

"ಒಂದೇ ಸರಕನ್ನ ಇಬ್ಬರಿಗೆ ಎರಡು ವಿಲೆಗೆ ಯಾರಮ್ಮ ಕೊಡ್ತಾರೆ? ಎಲ್ಲೋ ಡ್ಯಾಮೇಜ್ ಇರ್ತದೆ. ನೋಡು."

ಮನೆಯಲ್ಲಿ ನಮ್ಮದು ಕನ್ನಡವೇ, ಆದರೆ ತಲೆಮಾರುಗಳಿಂದ ತಮಿಳು ಬೆರೆತ ಕನ್ನಡ. ಬೆಲೆ ನಮಗೆ ವಿಲೆ, ಓದು ನಮಗೆ ಪಡಿಪ್ಪು. ಅಪ್ಪನ ಅನುಮಾನವೂ ಊರಿನದ್ದೇ. ನಮ್ಮ ಕರುಮತ್ತಂಪಟ್ಟಿಯ ಆಸುಪಾಸಿನಲ್ಲಿ ಅಗ್ಗದ ಬಟ್ಟೆ ಎಂದರೆ ಎಳೆ ಬಿಟ್ಟದ್ದು, ಕಲೆ ಆದದ್ದು, ಅಗಲ ತಪ್ಪಿದ್ದು. ತಿರುಪ್ಪೂರಿನಲ್ಲಿ ಕಿಲೋ ಲೆಕ್ಕದಲ್ಲಿ ಬನಿಯನ್ ಸಿಕ್ಕರೆ ಯಾರೂ ಮೊದಲು ಸಂತೋಷಪಡುವುದಿಲ್ಲ, ಹರಡಿ ಬೆಳಕಿಗೆ ಹಿಡಿಯುತ್ತಾರೆ. ದೋಷ ಕಂಡ ಮೇಲೆಯೇ ನೆಮ್ಮದಿ.

ನನಗೂ ಕುತೂಹಲ ಹತ್ತಿಕೊಂಡಿತು. ಯಾರೋ ಎಲ್ಲೋ ಕುಳಿತವರು, ನನ್ನ ಮುಖವನ್ನೇ ನೋಡದವರು, ನಾನು ಓದುತ್ತೇನೆ ಎಂಬ ಒಂದೇ ಕಾರಣಕ್ಕೆ ಇಷ್ಟು ಬಿಟ್ಟುಕೊಡುವುದೇಕೆ? ಕಾಲೇಜಿನ ಪತ್ರ ಕಳಿಸಿದೆ, ಗುರುತಿನ ಚೀಟಿಯ ಫೋಟೋ ಕಳಿಸಿದೆ. ಚೀಟಿಯ ತಾರೀಖಿನ ಮೇಲೆ ನನ್ನ ಹೆಬ್ಬೆರಳು ಬಿದ್ದಿದೆ ಎಂದು ಒಮ್ಮೆ ತಿರಸ್ಕರಿಸಿದರು. ಮತ್ತೆ ಕಳಿಸಿದೆ. ದುಡ್ಡು ಕಟ್ಟುವ ಹೊತ್ತಿಗೆ ಮನೆಯಲ್ಲಿ ಆನ್‌ಲೈನ್ ನಡೆಯುವ ಕಾರ್ಡು ಇದ್ದದ್ದು ಅಕ್ಕನ ಹತ್ತಿರ ಮಾತ್ರ, ಅವಳ ಸಂಬಳದ ಖಾತೆಯದು. ಅವಳ ಫೋನಿಗೆ ಬಂದ ಓಟಿಪಿಯನ್ನು ಅವಳೇ ಓದಿ ಹೇಳಿದಳು, ನಾನು ಒತ್ತಿದೆ. ಥ್ಯಾಂಕ್ಸ್ ಹೇಳಿದ ನೆನಪಿಲ್ಲ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಪ್ಲಸ್ ಟೂನಲ್ಲಿ ಶಾಲೆಗೇ ಮೊದಲು ಬಂದವಳು. ಆ ವರ್ಷ ಮಗ್ಗಕ್ಕೆ ಕೆಲಸ ಇರಲಿಲ್ಲ, ಹಾಗಾಗಿ ಕಾಲೇಜಿಗೆ ಹೋಗುವ ಬದಲು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದಳು. ಅಲ್ಲಿ ಅವಳದು ಚೆಕಿಂಗ್ ಟೇಬಲ್. ಹೊಲಿದು ಬಂದ ಬಟ್ಟೆಯ ಮೇಲೆ ಕೈಯಾಡಿಸಿ ಡ್ಯಾಮೇಜ್ ಹುಡುಕುವುದೇ ಕೆಲಸ. ಅದರ ಬಗ್ಗೆ ಅವಳು ಯಾವತ್ತೂ ಗೊಣಗಿದವಳಲ್ಲ, ಹಾಗಾಗಿ ನಾವೂ ಯಾರೂ ಕೇಳಿದವರಲ್ಲ.

ಸಾಫ್ಟ್‌ವೇರ್ ಬಂದ ಮೇಲೆ ಅಪ್ಪ ಅದನ್ನು ಸೀರೆಯಂತೆಯೇ ಪರೀಕ್ಷಿಸಿದರು. ಪಕ್ಕದಲ್ಲಿ ಸ್ಟೂಲ್ ಹಾಕಿ ಕುಳಿತು, "ನವಿಲು ಹಾಕು," ಎಂದರು. ಹಾಕಿದೆ. "ತಿರುಗಿಸು." ತಿರುಗಿಸಿದೆ. "ನಾನ್ನೂರು ಎಳೆಗೆ ಇಳಿಸು." ಇಳಿಸಿದೆ. ನವಿಲಿನ ಕೊರಳು ಎಲ್ಲೂ ಮುರಿಯಲಿಲ್ಲ. ಅಪ್ಪನಿಗೆ ಅದರಿಂದ ಬೇಸರವೇ ಆಯಿತು.

"ಈ ಕಡೆ ಇಲ್ಲಾಂದ್ರೆ ಆ ಕಡೆ ಇರ್ತದೆ," ಎಂದು ಎದ್ದರು.

ಆ ಕಡೆ ಎಂದರೆ ಷರತ್ತುಗಳು ಎಂದುಕೊಂಡು, ಸಾಮಾನ್ಯವಾಗಿ ಯಾರೂ ಓದದ ಆ ಪುಟಗಳನ್ನು ನಾನು ಪೂರ್ತಿ ಓದಿದೆ. ಇದರಲ್ಲಿ ಬರೆದದ್ದನ್ನು ಮಾರುವಂತಿಲ್ಲ ಎಂದಿತ್ತು. ಮುದ್ರಿಸಿದ ಹಾಳೆಯಲ್ಲಿ ಗುರುತು ಬರಬಹುದು ಎಂದೂ ಒಂದು ಸಾಲಿತ್ತು. ಮಾರಾಟದ ಮಾತು ನನ್ನನ್ನು ಹೆದರಿಸಲಿಲ್ಲ. ಹೊಸ ವಿನ್ಯಾಸದ ಮೊದಲ ಸೀರೆಯನ್ನು ನಮ್ಮ ಮನೆಯಲ್ಲಿ ಮಾರುವ ಪದ್ಧತಿಯೇ ಇಲ್ಲ, ಅದನ್ನು ಮನೆಯ ಹೆಣ್ಣುಮಕ್ಕಳು ಉಡುತ್ತಾರೆ. ಆಗಲೇ ಅಕ್ಕನ ಮದುವೆಯ ಮಾತು ಮುಗಿದು ನಿಶ್ಚಯಕ್ಕೆ ದಿನ ಗೊತ್ತಾಗಿತ್ತು. ನಿಶ್ಚಯದ ಸೀರೆಯ ಸೆರಗನ್ನು ನಾನು ಬರೆಯುತ್ತೇನೆ ಎಂದೆ.

ಅಪ್ಪ ತಮ್ಮದೂ ಒಂದು ಷರತ್ತು ಹಾಕಿದರು. "ಸರಿ. ಇದು ಚೆನ್ನಾಗಿ ಬಂದ್ರೆ ಇನ್ನು ನಮ್ಮ ಮಗ್ಗಕ್ಕೆ ನೀನೇ ಬರಿ. ಬರಲಿಲ್ಲಾಂದ್ರೆ ನಿನ್ನ ಕಂಪ್ಯೂಟರ್ ನಿನ್ನ ಕಾಲೇಜಿಗೆ."

ಎರಡು ವಾರ ಕುಳಿತು ಬರೆದೆ. ಗಾಂಧಿಪುರಂನ ಅಂಗಡಿಯಲ್ಲಿ ಚೌಕಳಿ ಹಾಳೆಗಳಾಗಿ ಮುದ್ರಿಸಿ, ಮೊದಲ ಹಾಳೆಯ ನಾಲ್ಕೂ ಮೂಲೆ ನೋಡಿದೆ. ಗುರುತು ಇರಲಿಲ್ಲ. ಗೆದ್ದೆ ಎಂದುಕೊಂಡು ಉಳಿದ ಹಾಳೆಗಳನ್ನು ಬಿಚ್ಚಿಯೂ ನೋಡದೆ ಸುರುಳಿ ಸುತ್ತಿ ಬಸ್ಸು ಹತ್ತಿದೆ. ಆ ಅವಸರದ ಬುದ್ಧಿ ನನಗೆ ಇವತ್ತಿಗೂ ಇದೆ.

ಹಾಳೆ ಹೋಗಬೇಕಾದದ್ದು ತಾತನ ಕೈಗೆ. ಮಗ್ಗದ ಮೇಲೆ ಕೂರುವ ತೂತುಗಳ ರಟ್ಟಿಗೆ ನಾವು ಅಟ್ಟೆ ಎನ್ನುತ್ತೇವೆ. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಮಗ್ಗಕ್ಕೆ ಹೇಳುವುದು ಅದೇ. ಹಾಳೆಯ ಒಂದು ಕಪ್ಪು ಚೌಕಕ್ಕೆ ಅಟ್ಟೆಯಲ್ಲಿ ಒಂದು ತೂತು. ತಾತ ಅದನ್ನು ಹೊಡೆಯುವುದರಲ್ಲಿ ಸುತ್ತಮುತ್ತ ಹೆಸರಾದವರು. ಹರೆಯದಲ್ಲಿ ಒಮ್ಮೆ, ಬರೆದವನು ತಪ್ಪಿದ್ದಾನೆಂದು ಒಂದು ಹೂವಿನ ದಳ ತಾವೇ ಸರಿಮಾಡಲು ಹೋಗಿ, ಇಡೀ ಅಂಚು ಹಾಳಾಗಿತ್ತಂತೆ. ಅಂದಿನಿಂದ ಅವರದು ಒಂದೇ ಮಾತು: "ಪೇಪರ್‌ಲಿ ಏನಿದೆಯೋ ಅದು ಅಟ್ಟೆಲಿ. ಕೇಳೋದು ನಮ್ಮ ಕೆಲಸ ಇಲ್ಲ." ಇಂಗ್ಲಿಷ್ ಅವರಿಗೆ ಬಾರದು. ಚೌಕಗಳನ್ನು ಮಾತ್ರ ಅವರು ನನಗಿಂತ ಚೆನ್ನಾಗಿ ಓದುತ್ತಿದ್ದರು.

ಅಪ್ಪ ನೇಯ್ದರು. ಜರಿಯ ಸೆರಗನ್ನು ನಮ್ಮಲ್ಲಿ ಮುಖ ಕೆಳಗಾಗಿ ನೇಯುತ್ತಾರೆ. ಮೇಲಿನಿಂದ ನೋಡುವವರಿಗೆ ಉಲ್ಟಾ, ಅದೂ ಜೋಲುವ ಎಳೆಗಳ ಗೋಜಲು. ಬಿದ್ದ ವಿನ್ಯಾಸ ಹೇಗಿದೆಯೆಂದು ಬಗ್ಗಿ ನೋಡಲು ಅಪ್ಪ ಬಿಡಲಿಲ್ಲ. ನಾನು ದಿನಕ್ಕೆ ಹತ್ತು ಸಲ ಮಗ್ಗದ ಸುತ್ತ ಸುಳಿದೆ.

ನಿಶ್ಚಯಕ್ಕೆ ನಾಲ್ಕು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ಚಾಪೆಯ ಮೇಲೆ ಮುಖ ಮೇಲಾಗಿ ಹರಡಿದರು. ಎಲೆಹಸಿರಿನ ಮೇಲೆ ನನ್ನ ನವಿಲುಗಳು, ಕೊರಳು ಕೊಂಕದೆ, ಸಾಲಾಗಿ ನಿಂತಿದ್ದವು. ಅಪ್ಪ "ಪರವಾಯಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅಕ್ಕ ಕೆಲಸದಿಂದ ಆಗಷ್ಟೇ ಬಂದಿದ್ದಳು. ಮಂಡಿಯೂರಿ ಸೀರೆಯ ಮೇಲೆ ಕೈಯಾಡಿಸಿಕೊಂಡು ಹೋದಳು, ಟೇಬಲ್ಲಿನ ಅಭ್ಯಾಸ. ಸೆರಗಿನ ತುದಿಯ ಮೂಲೆಯಲ್ಲಿ ಅವಳ ಬೆರಳು ನಿಂತಿತು. ಅಲ್ಲಿ ಜರಿಯಲ್ಲಿ, ಅಕ್ಕಿಕಾಳಿನಷ್ಟು ಎತ್ತರದ ಇಂಗ್ಲಿಷ್ ಅಕ್ಷರಗಳ ಒಂದು ಸಾಲಿತ್ತು.

"ಇದೇನೆ ಬರ್ದಿದ್ದೀಯ?" ಎಂದಳು. ಮತ್ತೆ ತಾನೇ ನಿಧಾನವಾಗಿ ಓದಿಕೊಂಡಳು. "ಪಡಿಪ್ಪಿಗೆ ಮಾತ್ರ ಅಂತ ಇದೆ."

ಕೊನೆಯ ಹಾಳೆಯ ಕೆಳಗೆ, ಕಪ್ಪು ಚೌಕಗಳಲ್ಲೇ, ಸಾಫ್ಟ್‌ವೇರ್ ಹಾಕಿದ ಗುರುತು ಅದು. ತಾತ ಒಂದು ಚೌಕವನ್ನೂ ಬಿಡದೆ ಅದನ್ನು ಹೊಡೆದಿದ್ದರು.

ಅಪ್ಪ ಬಗ್ಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಮೊದಲು ಬಂದದ್ದು ಸಮಾಧಾನ. "ನೋಡು, ಸಿಕ್ತು ಡ್ಯಾಮೇಜ್. ನಾನು ಆವತ್ತೇ ಹೇಳಿದ್ನಲ್ಲ."

ಆಮೇಲೆ ಕತ್ತರಿ ತರಲು ಹೇಳಿದರು. ಆ ತುದಿ ಕತ್ತರಿಸಿ ಮಡಚಿ ಹೊಲಿದರೆ ಯಾರಿಗೂ ಕಾಣದು, ನವಿಲಿನ ಒಂದು ಸಾಲು ಹೋಗುತ್ತದೆ ಅಷ್ಟೆ. ಮತ್ತೆ ನೇಯಲು ದಿನವಿರಲಿಲ್ಲ. ತಾತ ಗೋಡೆಗೆ ಒರಗಿ, "ಪೇಪರ್‌ಲಿ ಇತ್ತು ಕಣಮ್ಮ," ಎಂದು ಎರಡು ಸಲ ಹೇಳಿದರು. ನಾನೇ ಕತ್ತರಿ ತಂದೆ. ತಪ್ಪು ನನ್ನದಾಗಿತ್ತು.

ಅಕ್ಕ ಸೆರಗನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

"ಬೇಡಪ್ಪಾ, ಇರಲಿ ಬಿಡಿ. ಈ ಮನೇಲಿ ಪಡಿಪ್ಪಿಗೇಂತ ನನಗೆ ಸಿಕ್ಕಿದ್ದು ಇದೊಂದೇ."

ಅವಳು ಅದನ್ನು ನಗುತ್ತಲೇ ಹೇಳಿದಳು. ಆದರೆ ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಾರೆ, ಉಳಿದದ್ದನ್ನು ಯಾರು ಕಟ್ಟುತ್ತಾರೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವಳು ನಾನು. ಓಟಿಪಿ ಓದಿ ಹೇಳಿದವಳನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅಪ್ಪ ಕತ್ತರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಗೂಡಿನಲ್ಲಿಟ್ಟರು. ನಿಶ್ಚಯದ ದಿನ ಅಕ್ಕ ಆ ಮೂಲೆಯನ್ನು ಒಳಗೆ ಸಿಕ್ಕಿಸಲಿಲ್ಲ.