ಮರದ ಕಾಲಿನ ವಕೀಲರು ಚುನಾವಣೆಗೆ ನಿಂತದ್ದು

ನಾವು ಅಮೆರಿಕದಲ್ಲಿ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಮನೆ ಮಾಡಿದ ಹೊಸತು. ನನ್ನ ವೀಸಾದಲ್ಲಿ ಸಂಬಳದ ಕೆಲಸಕ್ಕೆ ಅವಕಾಶವಿರಲಿಲ್ಲ. ಮೈಸೂರಿನಲ್ಲಿ ಕಾಲೇಜಿನವರಿಗೆ ಚರಿತ್ರೆ ಪಾಠ ಮಾಡಿ ಬಂದವಳಿಗೆ ಸುಮ್ಮನಿರುವುದೆಂದರೆ ಮುಳ್ಳಿನ ಮೇಲೆ ಕೂತ ಹಾಗೆ. ಆಸ್ಟಿನ್‌ನ ಒಂದು ಮ್ಯೂಸಿಯಂಗೆ ಸಂಬಳವಿಲ್ಲದ ಗೈಡುಗಳು ಬೇಕೆಂದು ತಿಳಿದದ್ದೇ ತಡ, ಹೋಗಿ ಹೆಸರು ಕೊಟ್ಟೆ.

ಅದು ಕಳೆದ ಶತಮಾನದ ಆರಂಭದಲ್ಲಿದ್ದ ವಕೀಲರೊಬ್ಬರ ಮನೆ. ಹತ್ತಿ ಬೆಳೆಯುವವರ ಮಗ. ಚಿಕ್ಕಂದಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರಕ್ಕೆ ಸಿಕ್ಕಿ ಒಂದು ಕಾಲು ಹೋಯಿತು. ಹೊಲದ ಕೆಲಸಕ್ಕೆ ಆಗದವನೆಂದು ಊರಿನ ವಕೀಲರ ಆಫೀಸಿಗೆ ಸೇರಿಸಿದರು. ಅಲ್ಲೇ ಕಾನೂನು ಕಲಿತು, ಗೇಣಿದಾರರ ಕೇಸು ನಡೆಸಿ ಹೆಸರು ಮಾಡಿ, ಕೊನೆಗೆ ರಾಜ್ಯದ ಶಾಸನಸಭೆಗೆ ಹೋದರು. ಅವರ ಮರದ ಕಾಲನ್ನು ಮಹಡಿಯ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಆ ಮನುಷ್ಯನ ಮೇಲೆ ನನಗೆ ಅಭಿಮಾನ ಹುಟ್ಟಿಬಿಟ್ಟಿತ್ತು.

ನನ್ನನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ನೋಡಲು ಒಂದು ಶನಿವಾರ ಪರೀಕ್ಷೆ. ಮೇಲ್ವಿಚಾರಕಿ ನಗುವವರ ಪೈಕಿಯಲ್ಲ. ಹೂಸ್ಟನ್‌ನಿಂದ ಬಂದ ಪ್ರವಾಸಿಗರ ಹಿಂದೆ ನಿಂತು ಕೇಳುತ್ತಿದ್ದರು. ನಾನು ಪಟಪಟನೆ ಹೇಳುತ್ತಾ ಮಹಡಿ ಹತ್ತಿಸಿ, ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ, "ಮೊದಲ ಸಲ ಚುನಾವಣೆಗೆ ನಿಂತಾಗ ಸೋತರು" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮಲ್ಲಿ ಎಲ್ಲರೂ ಚುನಾವಣೆಗೆ ನಿಲ್ಲುವವರೇ. ಬಾಯಿಗೆ 'ಸ್ಟುಡ್' ಎಂದೇ ಬಂತು.

ಹ್ಯಾಟು ಹಾಕಿಕೊಂಡಿದ್ದ ವೃದ್ಧರೊಬ್ಬರು, "ಎಲ್ಲಿ ನಿಂತರು?" ಎಂದು ಕೇಳಿದರು. ಕೆಲವರು ನಕ್ಕರು.

"ಇಲ್ಲಿ ಚುನಾವಣೆಗೆ ಓಡುತ್ತಾರೆ, ನಿಲ್ಲುವುದಿಲ್ಲ," ಎಂದು ಮೇಲ್ವಿಚಾರಕಿ ಹಿಂದಿನಿಂದಲೇ ತಿದ್ದಿದರು. ಅಮೆರಿಕದವರ ಇಂಗ್ಲಿಷಿನಲ್ಲಿ ಅದು 'ರನ್'.

ಮಾತು ನನ್ನ ಕಸುಬು. ಅಲ್ಲೇ ತಡವರಿಸಿದರೆ ಮತ್ತೆ ಮನೆಯ ಗೋಡೆ ನೋಡುತ್ತಾ ಕೂರಬೇಕು. ಗಾಜಿನ ಪೆಟ್ಟಿಗೆಯ ಕಡೆ ಕೈ ತೋರಿಸಿದೆ.

"ಈ ಕಾಲಿನಲ್ಲಿ ಅವರು ಹೇಗೆ ಓಡಿಯಾರು? ಊರೂರಿನಲ್ಲಿ ಗಾಡಿಯ ಮೇಲೆ ನಿಂತೇ ಭಾಷಣ ಮಾಡಿದರು. ನಿಂತರು, ಸೋತರು. ಮತ್ತೆ ನಿಂತರು, ಗೆದ್ದರು."

ಯಾರೂ ನಗಲಿಲ್ಲ. ವೃದ್ಧರು ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡು ಆ ಮರದ ಕಾಲನ್ನೇ ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ಮೇಲ್ವಿಚಾರಕಿ ಗೈಡಿನ ಬ್ಯಾಡ್ಜು ತಂದುಕೊಟ್ಟು, "ಮುಂದಿನ ಶನಿವಾರ ಬನ್ನಿ. ಆ ಮಾತನ್ನು ಹಾಗೇ ಹೇಳಿ" ಎಂದರು.

ಹೊರಗೆ ಗಂಡ ಕಾರಿನಲ್ಲಿ ಕಾಯುತ್ತಿದ್ದರು. "ಏನಾಯ್ತೇ? ತಗೊಂಡ್ರಾ?"

"ನಿಂತಿದ್ದೆ ಕಣ್ರೀ," ಎಂದೆ. "ಗೆದ್ದೆ."