ಗವರ್ನರ್ ಇಲ್ಲದ ಇಂಜಿನ್

ಗುಬ್ಬಿಯಿಂದ ಕುಣಿಗಲ್‌ವರೆಗೆ ಯಾವ ಛತ್ರದಲ್ಲಿ, ಯಾವ ಪೆಟ್ರೋಲ್ ಬಂಕಿನಲ್ಲಿ ಜನರೇಟರ್ ಮುನಿಸಿಕೊಂಡರೂ ಚನ್ನವೀರಯ್ಯನವರಿಗೆ ಕರೆ ಬರುತ್ತಿತ್ತು. ಇಂಜಿನ್ನಿನ ವೇಗವನ್ನು ಒಂದೇ ಹದದಲ್ಲಿ ಕಾಯುವುದು ಗವರ್ನರ್. ಲೋಡ್ ಬಿದ್ದಾಗ ಅದು ಇಂಧನ ಬಿಡುವ ಥ್ರಾಟಲ್ ತೆರೆಯಬೇಕು, ಲೋಡ್ ಇಳಿದಾಗ ಮುಚ್ಚಬೇಕು. ಅದನ್ನು ರಿಪೇರಿ ಮಾಡಿಸಲು ಸೋಮಾರಿತನ ಮಾಡಿ ಯಾರಾದರೂ ಥ್ರಾಟಲ್ಲನ್ನು ತಂತಿಯಲ್ಲಿ ಬಿಗಿದು ಕಟ್ಟಿದ್ದರೆ, ಅವರು ಮೊದಲು ಬೈಗುಳ ಮುಗಿಸಿ ಆಮೇಲೆ ಪಾನಾ ಹಿಡಿಯುತ್ತಿದ್ದರು. ಹಾಗೆ ಕಟ್ಟಿದ್ದ ಒಂದು ಇಂಜಿನ್, ಅಡುಗೆಯವರು ಗ್ರೈಂಡರ್ ನಿಲ್ಲಿಸಿದ ತಕ್ಷಣ ಹುಚ್ಚೆದ್ದು ಛತ್ರದ ಬಲ್ಬುಗಳನ್ನೆಲ್ಲ ಸುಟ್ಟಿತ್ತಂತೆ. ಬಟವಾಡಿಯಿಂದ ಬಂದ ಸೊಸೆ ರೂಪಶ್ರೀಗೆ ಆ ಕಥೆ ತಮಾಷೆಯಾಗಿಯೇ ಕಂಡಿತ್ತು, ಅತ್ತೆ ಗಂಗಾಂಬಿಕೆಯ ಆಕ್ಸಿಜನ್ ಯಂತ್ರ ಮನೆಗೆ ಬರುವ ತನಕ.

ಆ ದಿನ ಲೈನ್ ಕೆಲಸವೆಂದು ಬೆಳಗ್ಗೆಯೇ ಕರೆಂಟ್ ಹೋಯಿತು. ಮನೆಯಲ್ಲಿದ್ದ ಒಂದೇ ಆಕ್ಸಿಜನ್ ಸಿಲಿಂಡರನ್ನು ತುಂಬಿಸಿಕೊಂಡು ಬರಲು ಗಂಡ ಚನ್ನೇಶ್ ತುಮಕೂರಿಗೆ ಹೋಗಿದ್ದ. ಮಾವ ಹಿತ್ತಿಲಲ್ಲಿ ಜನರೇಟರಿನ ಹಗ್ಗ ಎಳೆದು ಶುರು ಮಾಡಿದ್ದೇ ತಡ, ಗವರ್ನರಿನ ಸ್ಪ್ರಿಂಗ್ ತುಂಡಾಯಿತು. ಇಂಜಿನ್ ಕುಸಿಯಿತು, ಒಳಗೆ ಆಕ್ಸಿಜನ್ ಯಂತ್ರದ ಅಲಾರಂ ಕಿರುಗುಟ್ಟಿತು. ಬರುವಾಗ ಸ್ಪ್ರಿಂಗೂ ತಾ ಎಂದು ಮಗನಿಗೆ ಫೋನ್ ಮಾಡಿ ಅವರು ಸ್ಟೂಲ್ ಎಳೆದುಕೊಂಡು ಕೂತರು, ಥ್ರಾಟಲ್ಲನ್ನು ಬೆರಳಲ್ಲಿ ಹಿಡಿದರು. ಆಕ್ಸಿಜನ್ ಯಂತ್ರ ಉಸಿರೆಳೆದಂತೆಲ್ಲ ಲೋಡ್ ಏರಿಳಿಯುತ್ತಿತ್ತು. ತಂತಿ ಕಟ್ಟಿ ಎದ್ದು ಹೋಗುವಂತಿರಲಿಲ್ಲ.

"ಸ್ವಿಚ್ ಮುಟ್ಟೋಕ್ ಮುಂಚೆ ನಂಗೆ ಹೇಳಮ್ಮ. ಫ್ಯಾನ್ ಆಗ್ಲಿ, ಲೈಟ್ ಆಗ್ಲಿ. ಈಗ ಗವರ್ನರ್ ನಾನೇ," ಎಂದು ಹಿತ್ತಿಲಿಗೆ ಬಂದ ಸೊಸೆಗೆ ಕೂಗಿ ಹೇಳಿದರು.

ಅವಳು ಒಳಗೆ ಬಂದು ಅದನ್ನು ಹೇಳಿದಾಗ, ಮೂಗಿಗೆ ನಳಿಕೆ ಹಾಕಿಕೊಂಡಿದ್ದ ಗಂಗಾಂಬಿಕೆ ಮಂಚದಲ್ಲಿ ಮೆಲ್ಲಗೆ ನಕ್ಕರು. "ಊರೋರ ಇಂಜಿನ್‌ಗೆಲ್ಲ ಬುದ್ಧಿ ಹೇಳ್ದೋರು. ಮನೇದೇ ಮಾತು ಕೇಳಲ್ಲ ನೋಡು."

ರೂಪಶ್ರೀಗೆ ನಗು ಬರಲಿಲ್ಲ. ಮಗಳು ಯಶುವನ್ನು ತೊಡೆ ಮೇಲೆ ಮಲಗಿಸಿಕೊಂಡು, ಒಂದು ಕಿವಿ ಅತ್ತೆಯ ಉಸಿರಿಗೆ, ಇನ್ನೊಂದು ಇಂಜಿನ್ನಿಗೆ ಕೊಟ್ಟು ಕೂತಿದ್ದಳು. ಸ್ವಲ್ಪ ಹೊತ್ತಿಗೆ ಇಂಜಿನ್ನಿನ ಸದ್ದು ತೂಗಾಡತೊಡಗಿತು. ಏರಿತು, ಬಿತ್ತು, ಮತ್ತೆ ಏರಿತು. ಯಂತ್ರ ಮತ್ತೆ ಕಿರುಗುಟ್ಟಿತು. ಪೆಟ್ರೋಲ್ ಮುಗಿಯಿತೇನೋ ಎಂದು ಮಗುವನ್ನು ಚಾಪೆಗೆ ಹಾಕಿ ಓಡಿದಳು.

ಪೆಟ್ರೋಲ್ ಇತ್ತು. ನಡುಗುತ್ತಿದ್ದುದು ಮಾವನ ಬಲಗೈ. ಎಡಗೈಯಿಂದ ಅದರ ಮಣಿಕಟ್ಟನ್ನು ಒತ್ತಿ ಹಿಡಿದಿದ್ದರು, ಆದರೂ ನಿಲ್ಲುತ್ತಿರಲಿಲ್ಲ.

"ಯಾವಾಗಿಂದ ಮಾವ?"

"ಆಯ್ತು ಒಂದಷ್ಟ್ ದಿನ. ನಿಮ್ಮತ್ತೆಗೆ ಹೇಳ್ಬೇಡ. ಬಾ, ಹಿಡ್ಕೋ."

"ನನ್ ಕೈಲಿ ಆಗಲ್ಲ ಮಾವ."

"ನನ್ ಕೈಲೂ ಆಗ್ತಿಲ್ಲ ಕಣಮ್ಮ."

ಅವರು ಎದ್ದರು, ಅವಳು ಕೂತಳು. ಸದ್ದು ಭಾರವಾದರೆ ಕೂದಲೆಳೆಯಷ್ಟು ಎತ್ತು, ಕೀರಲಾದರೆ ಅಷ್ಟೇ ಇಳಿಸು ಎಂದು ಅವರು ಕಿವಿಯ ಹತ್ತಿರ ಬಾಗಿ ಹೇಳಿದರು. ಮೊದಲು ಜಾಸ್ತಿ ಎತ್ತಿದಳು. ಇಂಜಿನ್ ಕಿರುಚಿತು. ಗಾಬರಿಯಲ್ಲಿ ಪೂರ್ತಿ ಇಳಿಸಿದಳು, ಕೆಮ್ಮಿತು. ಅವರು ಗದರಲಿಲ್ಲ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಸದ್ದು ಒಂದು ಕಡೆ ನಿಂತಿತು.

ಆಗಲೇ ಒಳಗೆ ಯಶು ಎದ್ದು ಅಳಲು ಶುರು ಮಾಡಿತು. ರೂಪಶ್ರೀ ಅರ್ಧ ಎದ್ದಳು, ಥ್ರಾಟಲ್ ಬಿಡಲಾಗದೆ ಮತ್ತೆ ಕೂತಳು. ಚನ್ನವೀರಯ್ಯ ಒಳಗೆ ಹೋದರು. ಮಗು ಬಿದ್ದಿತೇ, ನಳಿಕೆ ಎಳೆಯಿತೇ, ಆ ನಡುಗುವ ಕೈ ಎತ್ತಿಕೊಳ್ಳುತ್ತದೆಯೇ? ಅಳು ನಿಂತಿತು. ಅಳುವಿಗಿಂತ ಅದು ನಿಂತದ್ದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೂಗಿದರೆ ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳುವಂತಿರಲಿಲ್ಲ.

ಕೊನೆಗೆ ಕಿಟಕಿ ತೆರೆಯಿತು. ಮಾವ ಮಗುವನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಅವಳಿಗೆ ಕಾಣುವಂತೆ ನಿಂತಿದ್ದರು. ಅವಳು ಒಮ್ಮೆ ನೋಡಿ, ಮತ್ತೆ ಬೆರಳಿನ ಕಡೆ ತಿರುಗಿದಳು. ಕರೆಂಟ್ ಇನ್ನೂ ಬಂದಿರಲಿಲ್ಲ.